‘ಯೆಸ್, ಮೇಡಂ!’ (1985): ಹೊಡೆತ ಹೆಂಗಸರದ್ದು, ಕಥೆ ಯಾರದ್ದು?

ರೀಲುಗಾಡಿ: ಕೋರಿ ಯುಯೆನ್ ನಿರ್ದೇಶನದ ಈ ಕ್ಯಾಂಟನೀಸ್ (ಹಾಂಗ್‌ಕಾಂಗ್‌ನ ಆಡುನುಡಿ) ಚಿತ್ರವನ್ನ ಮಹಿಳಾ ಆ್ಯಕ್ಷನ್‌ನ ಮೈಲಿಗಲ್ಲು ಅಂತಾರೆ. ನನ್ನ ತಕರಾರು ಇಷ್ಟೇ: ಹಾಂಗ್‌ಕಾಂಗ್ ಇನ್‌ಸ್ಪೆಕ್ಟರ್ ಮಿಶೆಲ್ ಯೋ, ಲಂಡನ್ ಪೊಲೀಸ್ ಅಂದ್ರೆ ಸ್ಕಾಟ್ಲೆಂಡ್ ಯಾರ್ಡ್‌ನಿಂದ ಬಂದವಳು ಸಿಂಥಿಯಾ ರಾತ್‌ರಾಕ್, ಸರಿ. ಆದರೆ ಕಥೆ ಎಳೆಯೋ ಮೈಕ್ರೋಫಿಲ್ಮ್ (ಖಳನ ವಿರುದ್ಧದ ಸಾಕ್ಷ್ಯ ಇರೋ ಪುಟಾಣಿ ಫಿಲ್ಮ್) ಸಿಗೋದು, ಅದಕ್ಕಾಗಿ ಪರದಾಡೋದು, ನಗಿಸೋದು ಎಲ್ಲ ಆಸ್ಪಿರಿನ್, ಸ್ಟ್ರೆಪ್ಸಿಲ್, ಪ್ಯಾನಡಾಲ್ ಅನ್ನೋ ಮೂವರು ಗಂಡು ಕಳ್ಳರು. ಖಳನಿಗೆ ಕೊನೇ ಗುಂಡು ಹೊಡೆಯೋದೂ ಆ ಗುಂಪಿನವನೇ.

ಮ್ಯಾಟಿನಿ_ಭೂತ: ಅದು ಗಲ್ಲಾಪೆಟ್ಟಿಗೆ ಲೆಕ್ಕ ಸ್ವಾಮಿ. ಯೋಗೆ ಇದು ಮೊದಲ ನಾಯಕಿ ಪಾತ್ರ, ರಾತ್‌ರಾಕ್‌ಗೆ ಹಾಂಗ್‌ಕಾಂಗ್‌ನಲ್ಲಿ ಮೊದಲ ಚಿತ್ರ. ನಿರ್ಮಾಪಕ ಸಾಮೋ ಹಂಗ್ ಅವರಿಬ್ಬರ ಹೆಗಲ ಮೇಲೆ ಪೂರ್ತಿ ಭಾರ ಹೊರಿಸೋಕೆ ಹೆದರಿ ಆ ಮೂವರು ಕಳ್ಳರ ಪಾತ್ರಕ್ಕೆ ಜಾನ್ ಶಮ್, ಮಾಂಗ್ ಹೊಯ್, ತ್ಸುಯಿ ಹಾರ್ಕ್‌ರನ್ನ ಪಕ್ಕಕ್ಕಿಟ್ಟ ಅಂತ ನನಗನ್ನಿಸುತ್ತೆ. ತ್ಸುಯಿ ಹಾರ್ಕ್ ಅಷ್ಟೊತ್ತಿಗಾಗಲೇ ಹೆಸರು ಮಾಡಿದ್ದ ನಿರ್ದೇಶಕ, ನೆನಪಿರಲಿ.

ಗರಡಿಮಣ್ಣು: ಕಥೆ ಪಕ್ಕಕ್ಕಿಡಿ, ಕೊನೇ ಫೈಟ್ ನಿಧಾನ ಮಾಡಿ ನೋಡಿ. ಯೋ ಕಟಕಟೆ ಮೇಲಿಂದ ಹಿಂದಕ್ಕೆ ಬೀಳ್ತಾಳೆ, ಕಾಲು ಕಂಬಿಗೆ ಸಿಕ್ಕಿಸಿಕೊಂಡು ತಲೆಕೆಳಗಾಗಿ ಕೆಳಗಿನ ಗಾಜು ಒಡೆದು ಒಳಗೆ ನುಗ್ಗಿ, ಇಬ್ಬರು ಎದುರಾಳಿಗಳ ಕಾಲು ಹಿಡಿದು ಎಳೆದು ಆಚೆ ಕೆಡವ್ತಾಳೆ. ಬೆನ್ನು ಹಾಗೆ ಬಾಗೋದು ಬ್ಯಾಲೆ ಕಲಿತಿದ್ದರಿಂದ. ರಾತ್‌ರಾಕ್ ಬಂದದ್ದು ಕರಾಟೆ ‘ಫಾರ್ಮ್ಸ್’ ಸ್ಪರ್ಧೆಯಿಂದ. ಅಲ್ಲಿ ಎದುರಾಳಿ ಇರಲ್ಲ, ಪ್ರತಿ ಹೊಡೆತದ ಕೊನೆಗೆ ಕೈಕಾಲು ಅಲ್ಲಾಡದೆ ನಿಲ್ಲಬೇಕು. ಯುಯೆನ್, ಸಾಮೋ ಇಬ್ಬರೂ ಪೀಕಿಂಗ್ ಒಪೆರಾ (ಹಾಡು, ಪಲ್ಟಿ, ಕಾಳಗ ಬೆರೆತ ಚೀನೀ ರಂಗಕಲೆ) ಶಾಲೆಯವರು, ಅಲ್ಲೂ ಹೊಡೆತ-ನಿಲುವು-ಹೊಡೆತ ಅನ್ನೋದೇ ತಾಳ. ಅದಕ್ಕೇ ಆಕೆ ಅಷ್ಟು ಬೇಗ ಹೊಂದಿಕೊಂಡಳು. ಪಲ್ಟಿ ಶಾಟ್‌ಗಳಲ್ಲಿ ಮಾತ್ರ ಮುಖ ಕಾಣುತ್ತಾ ನೋಡಿ. ಬರೀ ಬೆನ್ನು, ಕೂದಲು ಕಂಡ್ರೆ ಡೂಪ್ ಅಂತ ಅನುಮಾನ ಪಡಬಹುದು.

ಡಬ್ಬಿಂಗ್‌ಕಿವಿ: ಪ್ರಾತಿನಿಧ್ಯ ಅಂದ್ರೆ ಬರೀ ಕೈಕಾಲಾ? ದನಿ ಎಲ್ಲಿ? ಆಗಿನ ಹಾಂಗ್‌ಕಾಂಗ್ ಚಿತ್ರಗಳನ್ನ ಹೆಚ್ಚಾಗಿ ಶೂಟಿಂಗ್ ಜಾಗದಲ್ಲಿ ಧ್ವನಿ ಹಿಡಿಯದೆ ತೆಗೀತಿದ್ದರು, ಸ್ಟುಡಿಯೋದಲ್ಲಿ ಬೇರೆಯವರು ಮಾತು ಕೊಡ್ತಿದ್ದರು. ಕ್ಯಾಂಟನೀಸ್ ಆವೃತ್ತಿಯಲ್ಲಿ ರಾತ್‌ರಾಕ್ ತುಟಿ ನೋಡಿ: ಪ, ಬ, ಮ ಕೇಳೋ ಕಡೆ ತುಟಿ ಮುಚ್ಚಿರಲ್ಲ, ಮುಚ್ಚಿದ ಕಡೆ ಆ ಅಕ್ಷರ ಕೇಳಲ್ಲ. ಲಂಡನ್‌ನಿಂದ ಬಂದವಳು ಸ್ಥಳೀಯಳ ಹಾಗೆ ಸರಾಗ ಮಾತಾಡ್ತಾಳೆ. ವಸಾಹತಿನ ಪೊಲೀಸ್ ಪಡೆಯಲ್ಲಿ ಬ್ರಿಟಿಷ್ ಅಧಿಕಾರಿ, ಚೀನೀ ಅಧಿಕಾರಿ ನಡುವೆ ಇದ್ದ ಭಾಷೆಯ ಗೋಡೆ ಡಬ್ಬಿಂಗ್ ಕೋಣೆಯಲ್ಲೇ ಬಿದ್ದುಹೋಯ್ತು! ಯೋ ಕೂಡ ಮಲೇಷ್ಯಾದ ಈಪೋದವಳು, ಆಗ ಟೈಟಲ್ ಕಾರ್ಡ್‌ನಲ್ಲಿ ಮಿಶೆಲ್ ಖಾನ್.

ಪದಕಾಯಕ: ಚೀನೀ ಹೆಸರು ಇನ್ನೂ ಮಜಾ: ‘ವಾಂಗ್ ಗಾ ಸೀ ಜೆ’. ‘ವಾಂಗ್ ಗಾ’ ಅಂದ್ರೆ ರಾಜಮನೆತನದ, ಯಾಕಂದ್ರೆ 1969ರಿಂದ 1997ರವರೆಗೆ ಆ ಪಡೆ ‘ರಾಯಲ್’ ಹಾಂಗ್‌ಕಾಂಗ್ ಪೊಲೀಸ್. ‘ಸೀ ಜೆ’ ಅಂದ್ರೆ ಒಂದೇ ಗುರುವಿನ ಕೈಕೆಳಗೆ ನಮಗಿಂತ ಮೊದಲು ಕಲಿತವಳು, ನಮ್ಮಲ್ಲಾದ್ರೆ ಗರಡಿಯ ಅಕ್ಕ. ಮಹಿಳಾ ಪೊಲೀಸರಿಗೆ ಅದು ಆಡುಮಾತು. ಇಂಗ್ಲಿಷ್ ಹೆಸರಲ್ಲಿರೋದು ಠಾಣೆಯ ‘ಮೇಡಂ’, ನಮ್ಮ ಠಾಣೆಗಳಲ್ಲೂ ಕೇಳೋದೇ. ಒಂದರಲ್ಲಿ ಸಲುಗೆ, ಇನ್ನೊಂದರಲ್ಲಿ ಸೆಲ್ಯೂಟ್.

ರೀಲುಗಾಡಿ: @ಗರಡಿಮಣ್ಣು, ಫೈಟ್ ಒಪ್ಪಿದೆ. ಗುಂಡಿನ ಪ್ರಶ್ನೆ ಹಾಗೇ ಉಳೀತಲ್ಲ?

ಗರಡಿಮಣ್ಣು: ಗುಂಡು ಕಳ್ಳನ ಕೈಗೆ ಹೋದದ್ದು ಬೇಕಂತಲೇ. ಸಾಕ್ಷ್ಯ ಕೈತಪ್ಪಿ ಖಳ ಕಾನೂನಿನ ಮುಂದೆ ನಗ್ತಿದ್ದಾನೆ. ಸಮವಸ್ತ್ರದವರು ಅವನನ್ನ ಹೊಡೆದ್ರೆ ಅದು ಕೊಲೆ. ಕಳ್ಳನಿಗೆ ಆ ಕಟ್ಟಳೆ ಇಲ್ಲ.

ಮ್ಯಾಟಿನಿ_ಭೂತ: ತೂಗೋದಾದ್ರೆ 1988ರ ‘ದಿ ಇನ್‌ಸ್ಪೆಕ್ಟರ್ ವೇರ್ಸ್ ಸ್ಕರ್ಟ್ಸ್’ ಪಕ್ಕಕ್ಕಿಡಿ. ಅಲ್ಲಿ ಹೆಂಗಸರದ್ದೇ ಒಂದು ತುಕಡಿ, ತಲೆ ಎಣಿಸಿದ್ರೆ ಪ್ರಾತಿನಿಧ್ಯ ಜಾಸ್ತಿ. ಆದ್ರೆ ಗಂಡು ತುಕಡಿ ಜೊತೆ ಜೋಡಿ ಮಾಡೋ ತಮಾಷೆಗೇ ಎಷ್ಟು ರೀಲು ಹೋಗುತ್ತೆ ಅಂತೀರಿ! ‘ಯೆಸ್, ಮೇಡಂ!’ನಲ್ಲಿ ಇಬ್ಬರಿಗೂ ಪ್ರೇಮಪ್ರಸಂಗವೇ ಇಲ್ಲ. ಅವರ ಜಗಳ ಏನಿದ್ರೂ ಆರೋಪಿಯನ್ನ ಹೆಂಗೆ ಬಾಯಿಬಿಡಿಸಬೇಕು ಅನ್ನೋದರ ಮೇಲೆ.