ಟುಪಿ ಎಣ್ಣೆ 18 ವರ್ಷಕ್ಕೇ ಮುಗಿಯುತ್ತಾ?

ಪ್ರಶ್ನೆ: ಸರ್, ನಾನು ಪಿಯುಸಿ ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತೇನೆ. ಬ್ರೆಜಿಲ್ ಸಮುದ್ರದ ಟುಪಿ ಅನ್ನುವ ಎಣ್ಣೆ ನಿಕ್ಷೇಪದಲ್ಲಿ 650 ಕೋಟಿ ಬ್ಯಾರೆಲ್ ಸಿಗುತ್ತದೆ ಅಂತ 2010ರಲ್ಲಿ ಅಲ್ಲಿನ ಎಣ್ಣೆ ಕಂಪನಿ ಪೆಟ್ರೋಬ್ರಾಸ್ ಹೇಳಿತ್ತು. 2019ರ ಹೊತ್ತಿಗೆ ದಿನಕ್ಕೆ ಸುಮಾರು 10 ಲಕ್ಷ ಬ್ಯಾರೆಲ್ ತೆಗೆಯುತ್ತಿದ್ದರು. ಭಾಗಿಸಿದರೆ ಹತ್ತಿರ ಹತ್ತಿರ 18 ವರ್ಷ. "ಆಮೇಲೆ ಖಾಲೀನಾ ಮಿಸ್?" ಅಂತ ಒಬ್ಬಳು ಕೇಳಿದಳು. ಏನು ಹೇಳಲಿ?

ಉತ್ತರ: ಮೇಡಂ, ಭಾಗಾಕಾರ ಸರಿಯೇ ಇದೆ. ಆದರೆ ಎಣ್ಣೆ ಇರುವುದು ಟ್ಯಾಂಕಿನಲ್ಲಲ್ಲ, ಕಲ್ಲಿನೊಳಗೆ. ಟುಪಿಯಲ್ಲಿ ಅದು ಸುಣ್ಣದ ಕಲ್ಲು. ಅಂಥ ಕಲ್ಲಿನ ತುಂಡನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಸೆಟ್ ದೋಸೆಯ ಹಾಗೆ ತೂತು ತೂತು. ಒಂದಕ್ಕೊಂದು ಸೇರಿದ ತೂತುಗಳ ಎಣ್ಣೆ ಹರಿದು ಬರುತ್ತದೆ. ಸೇರದೆ ಇದ್ದರೆ ಅಲ್ಲೇ ಉಳಿಯುತ್ತದೆ. ಹರಿದ ಕಡೆಯೂ ಬಾಣಲೆಗೆ ಜಿಡ್ಡು ಹಿಡಿದ ಹಾಗೆ ಒಂದಷ್ಟು ಅಂಟಿಕೊಂಡಿರುತ್ತದೆ.

650 ಕೋಟಿ ಅನ್ನುವುದು ಕೆಳಗೆ ಇರುವಷ್ಟೂ ಅಲ್ಲ, ಮೇಲೆ ತರಬಹುದು ಅಂತ ಅಂದಾಜು ಮಾಡಿದ್ದು. ಅದರಲ್ಲಿ ಗ್ಯಾಸ್ ಕೂಡ ಸೇರಿದೆ. ಬೆಲೆ ಏರಿದರೆ, ಹೊಸ ಬಾವಿ ಕೊರೆದರೆ ಅಂದಾಜು ಏರುತ್ತದೆ. ಬೆಲೆ ಬಿದ್ದರೆ ಇಳಿಯುತ್ತದೆ, ಕೆಳಗೆ ಒಂದು ಹನಿ ಕಮ್ಮಿಯಾಗದಿದ್ದರೂ. ಮಕ್ಕಳಿಗೆ ಮೊದಲು ಇದನ್ನೇ ಹೇಳಿ.

(ಹಳೇ ನಕ್ಷೆಯಲ್ಲಿ "ಲುಲಾ" ಅಂತ ಕಂಡರೆ ಗಾಬರಿ ಬೇಡ, ಅದೂ ಟುಪಿಯೇ. 2020ರಲ್ಲಿ ಮತ್ತೆ ಟುಪಿ ಅನ್ನುವ ಹೆಸರೇ ಬಂತು.)

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಜಾಸ್ತಿ ಬಾವಿ ಕೊರೆದು ಬೇಗ ತೆಗೆಯಬಹುದಲ್ವಾ ಸರ್?

ಉತ್ತರ: ಅಷ್ಟು ಸುಲಭ ಇಲ್ಲ ಸರ್. ಅಲ್ಲಿ ನೀರೇ ಎರಡು ಕಿಲೋಮೀಟರ್‌ಗಿಂತ ಆಳ. ಅದರ ಕೆಳಗೆ ಕಲ್ಲು, ಆಮೇಲೆ ಸುಮಾರು ಎರಡು ಕಿಲೋಮೀಟರ್ ದಪ್ಪದ ಉಪ್ಪು, ಅದರಡಿ ಎಣ್ಣೆ. ಆ ಒತ್ತಡದಲ್ಲಿ ಉಪ್ಪು ಸುಮ್ನೆ ಕೂರುವುದಿಲ್ಲ. ಕೊರೆದ ತೂತಿನೊಳಕ್ಕೆ ನಿಧಾನಕ್ಕೆ ಸರಿದು ಬರುತ್ತದೆ, ಕೊರೆಯುವ ಪೈಪನ್ನೇ ಹಿಡಿದುಬಿಡುತ್ತದೆ. ಸಮುದ್ರದ ತಳ ಫ್ರಿಜ್ಜಿನಷ್ಟು ತಣ್ಣಗೆ, ಸುಮಾರು 4 ಡಿಗ್ರಿ. ಬಿಸಿ ಎಣ್ಣೆ ಅಲ್ಲಿ ತಣಿದರೆ ಮೇಣ ಗಟ್ಟಿಯಾಗಿ ಪೈಪ್ ಕಟ್ಟಿಕೊಳ್ಳುತ್ತದೆ. ಅದಕ್ಕೇ ಪೈಪಿಗೆ ದಪ್ಪ ಹೊದಿಕೆ.

ಮೇಲೆ ಬಂದ ಎಣ್ಣೆಯನ್ನು ತೇಲುವ ಹಡಗಿನಲ್ಲೇ ನೀರು, ಗ್ಯಾಸ್ ಬೇರೆ ಮಾಡಿ ತುಂಬಿಡುತ್ತಾರೆ. 2010ರಲ್ಲಿ ಅಲ್ಲಿಗೆ ಬಂದ ಮೊದಲ ದೊಡ್ಡ ಹಡಗಿಗೆ ದಿನಕ್ಕೆ 1 ಲಕ್ಷ ಬ್ಯಾರೆಲ್ ಅಷ್ಟೇ ಆಗುತ್ತಿತ್ತು. ಆಮೇಲೆ 1.5 ಲಕ್ಷದವು ಬಂದವು. ಬಾವಿ ಎಷ್ಟೇ ಕೊಡಲಿ, ಹಡಗಿಗೆ ಆಗುವಷ್ಟೇ ಉತ್ಪಾದನೆ.

ವರ್ಷ ಕಳೆದ ಹಾಗೆ ಎಣ್ಣೆಯ ಜೊತೆ ನೀರು ಜಾಸ್ತಿ ಬರುತ್ತದೆ, ಎಣ್ಣೆ ಕಮ್ಮಿಯಾಗುತ್ತದೆ. ಮೇಡಂ, ವರ್ಷ ವರ್ಷದ ಉತ್ಪಾದನೆ ತೋರಿಸೋಕೆ ಬೋರ್ಡ್ ಮೇಲೆ ಒಂದು ಗುಡ್ಡ ಬರೆಯಿರಿ. ಏರುವ ಕಡೆ ಕಡಿದಾಗಿ, ತುದಿ ಕೊಂಚ ಚಪ್ಪಟೆ, ಇಳಿಯುವ ಕಡೆ ಉದ್ದಕ್ಕೆ ಹೋಗುವ ಹಾಗೆ. 18ನೇ ವರ್ಷವನ್ನು ಆ ಉದ್ದದ ಇಳಿಜಾರಿನ ಮೇಲೆ ಗುರುತು ಮಾಡಿ ಆ ಹುಡುಗಿಗೆ ತೋರಿಸಿ.