ಡೆಬ್ ಇನ್‌ಸ್ಟಾಲ್ ಆಗ್ತದೆ, ಇಂಪೋರ್ಟ್ ಮಾತ್ರ ಆಗುದಿಲ್ಲ!

ಪ್ರಶ್ನೆ (ಮಂಗಳೂರು):
ಮಲ್ಪೆ ಬಂದರಿನಲ್ಲಿ ಭಾವನ ಮೀನಿನ ಲೆಕ್ಕಕ್ಕೆ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಮ್ ಬರೆದಿದ್ದೇನೆ. ತೂಕದ ಭಾಗ ಸೈಥಾನ್, ಅಂದ್ರೆ ಪೈಥಾನ್‌ನಂಥ ಕೋಡನ್ನು ಕಂಪೈಲ್ ಮಾಡುವಂಥದ್ದು. ನನ್ನ ಉಬುಂಟು 22.04 ಲ್ಯಾಪ್‌ಟಾಪಲ್ಲಿ ಡೆಬ್ (ಇನ್‌ಸ್ಟಾಲ್ ಮಾಡುವ ಪ್ಯಾಕೇಜ್ ಫೈಲ್) ಮಾಡಿದೆ, ಚಂದ ಓಡಿತು. ಭಾವನ ಮೆಷಿನ್ 24.04. ಅಲ್ಲಿ ಇನ್‌ಸ್ಟಾಲ್ ಸರಿ, ಓಡಿಸಿದರೆ 'ಮಾಡ್ಯೂಲ್ ಇಲ್ಲ' ಅಂತದೆ. ಫೈಲ್ ಕಣ್ಣೆದುರೇ ಉಂಟು ಮಾರಾಯ್ರೆ! ಭಾವ ಪುನಃ ಕೆಂಪು ಬೈಂಡಿನ ಲೆಕ್ಕದ ಪುಸ್ತಕ ಹಿಡ್ಕೊಂಡಿದ್ದಾರೆ.

ಉತ್ತರ (ಉಡುಪಿ):
ಆ ಮಾಡ್ಯೂಲ್ ಫೈಲಿನ ಹೆಸರಿನ ಬಾಲ ನೋಡಿ. 'ಸಿಪೈಥಾನ್-310' ಅಂತ ಇರ್ತದೆ, ಅಂದ್ರೆ ನಿಮ್ಮ 22.04ರ ಪೈಥಾನ್ 3.10ಕ್ಕೆ ಕಟ್ಟಿದ್ದು. 24.04ರಲ್ಲಿರುವುದು ಪೈಥಾನ್ 3.12, ಅದು 312ರ ಬಾಲ ಹುಡುಕ್ತದೆ. ಕಂಟ್ರೋಲ್ ಫೈಲಲ್ಲಿ (ಪ್ಯಾಕೇಜಿನ ವಿವರ ಬರೆಯುವ ಫೈಲ್) ಆರ್ಕಿಟೆಕ್ಚರ್, ಅಂದ್ರೆ ಯಾವ ಪ್ರೊಸೆಸರಿಗೆ ಅಂತ, ಏನು ಹಾಕಿದ್ದೀರಿ?

ಪ್ರಶ್ನೆ ಕೇಳಿದವರು:
'ಆಲ್'. ಎಲ್ಲ ಕಡೆ ಓಡಬೇಕಲ್ಲ ಅಂತ...

ಉತ್ತರ (ಉಡುಪಿ):
ಎಲ್ಲರೂ ಬೀಳುವ ಗುಂಡಿ ಅದೇ, ನಾನೂ ಬಿದ್ದವ. 'ಆಲ್' ಬರೀ ಪೈಥಾನ್ ಕೋಡಿಗೆ. ಕಂಪೈಲ್ ಆದದ್ದು ಇದ್ದರೆ 'ಎನಿ', ಅಂದ್ರೆ ಪ್ರತಿ ಪ್ರೊಸೆಸರಿಗೂ ಬೇರೆ ಬೇರೆ ಕಟ್ಟುವುದು. 'ಆಲ್' ಅಂತಲೇ ಬಿಟ್ಟರೆ ಬೇರೆ ಪ್ರೊಸೆಸರಿನ ರಾಸ್ಪ್‌ಬೆರಿ ಪೈಯಲ್ಲೂ ಸುಮ್ಮನೆ ಇನ್‌ಸ್ಟಾಲ್ ಆಗಿ ಕೂತ್ಕೊಳ್ತದೆ. ಬಿಲ್ಡ್-ಡಿಪೆಂಡ್ಸ್‌ಗೆ (ಕಟ್ಲಿಕ್ಕೆ ಬೇಕಾದವುಗಳ ಪಟ್ಟಿ) ಡಿಎಚ್-ಪೈಥಾನ್, ಪೈಥಾನ್3-ಆಲ್-ಡೆವ್, ಸೈಥಾನ್3 ಸೇರಿಸಿ. ಡಿಪೆಂಡ್ಸ್‌ನಲ್ಲಿ (ಓಡ್ಲಿಕ್ಕೆ ಬೇಕಾದವುಗಳ ಪಟ್ಟಿ) ಆವೃತ್ತಿ ಕೈಯಿಂದ ಬರೆಯಬೇಡಿ. ಪೈಥಾನ್3 ಮತ್ತು ಶ್‌ಲಿಬ್ಸ್ ವೇರಿಯೇಬಲ್‌ಗಳನ್ನು ಇಡಿ, ಕಟ್ಟುವಾಗ ಸರಿಯಾದ ಆವೃತ್ತಿ ಅಲ್ಲಿ ತಾನಾಗಿ ತುಂಬ್ತದೆ. ಆಗ ತಪ್ಪು ಮೆಷಿನಲ್ಲಿ ಇನ್‌ಸ್ಟಾಲ್ ಮಾಡುವ ಆಪ್ಟೇ ಬಾಗಿಲಲ್ಲಿ ತಡೀತದೆ.

ಉತ್ತರ (ಸುರತ್ಕಲ್):
ಲ್ಯಾಪ್‌ಟಾಪಲ್ಲೇ ಬಿಲ್ಡ್ ಮಾಡುದು ಬಿಡಿ. ಎಸ್‌ಬಿಲ್ಡ್‌ನಲ್ಲಿ (ಪ್ಯಾಕೇಜನ್ನು ಪ್ರತ್ಯೇಕ ಜಾಗದಲ್ಲಿ ಕಟ್ಟುವ ಟೂಲ್) 24.04ರ ಖಾಲಿ ಪರಿಸರ ಮಾಡಿ ಅಲ್ಲೇ ಕಟ್ಟಿ. ಬಿಟ್ಟುಹೋದ ಡಿಪೆಂಡೆನ್ಸಿಯೂ ಆಗಲೇ ಸಿಕ್ಕಿಬೀಳ್ತದೆ.

ಪ್ರಶ್ನೆ ಕೇಳಿದವರು:
ಆಯ್ತು! ಸೈಥಾನ್3 ಹಾಕ್ಲಿಕ್ಕೇ ಮರೆತಿದ್ದೆ, ಎಸ್‌ಬಿಲ್ಡ್ ಹಿಡಿಯಿತು. ಈಗ ಬಾಲ 312. ಭಾವ ಮಾತ್ರ ಪುಸ್ತಕ ಇನ್ನೂ ಬಿಟ್ಟಿಲ್ಲ.