ಸ್ಪ್ಯಾಮ್: ಕಸವೋ, ಕಳೆಯೋ, ಜೊಳ್ಳೋ?

ಎಲ್ಲರಿಗೂ ನಮಸ್ಕಾರ.

ಬೇಡದ ಇಮೇಲ್ ಕಡಿಮೆ ಮಾಡಿಕೊಳ್ಳುವುದು ಹೇಗೆ ಎಂದು ಮನೆಯ ಹಿರಿಯರಿಗಾಗಿ ಎರಡು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಪದಕ್ಕೆ ತಡವರಿಸಿ ನಿಂತೆ. ನಿಮ್ಮ ನೆರವು ಬೇಕು.

ಕರಡಿನಲ್ಲಿ ಸ್ಪ್ಯಾಮ್‌ಗೆ ‘ಕಸ’ ಎಂದೇ ಬರೆದಿದ್ದೆ. ಚಿಕ್ಕಮ್ಮನಿಗೆ ಓದಲು ಕೊಟ್ಟು ಹದಿನೈದು ದಿನ ಬಿಟ್ಟು ಕೇಳಿದರೆ, “ದಿನಾ ಕಸಕ್ಕೆ ಹಾಕ್ತಾನೇ ಇದೀನಿ ಕಣೋ, ಬರೋದು ನಿಂತಿಲ್ಲ” ಎಂದರು. ನೋಡಿದರೆ ಎಲ್ಲವನ್ನೂ ಡಿಲೀಟ್ ಮಾಡುತ್ತಿದ್ದರು. ತಪ್ಪು ಅವರದಲ್ಲ, ನನ್ನ ಪದದ್ದು. ಕಸ ಎಂದರೆ ಬುಟ್ಟಿಗೆ ಹಾಕುವಂಥದ್ದು, ಹಾಕಿದರೆ ಮುಗಿಯಿತು. ಡಿಲೀಟ್ ಮಾಡಿದರೆ ಆ ಒಂದು ಪತ್ರ ಹೋಗುತ್ತದೆ, ಕಳಿಸಿದವರ ಮೇಲೆ ದೂರು ಹೋಗುವುದಿಲ್ಲ. ದೂರು ಹೋಗಬೇಕಾದರೆ ‘ಸ್ಪ್ಯಾಮ್’ ಗುಂಡಿಯನ್ನೇ ಒತ್ತಬೇಕು.

ಹಾಗಾದರೆ ‘ಸ್ಪ್ಯಾಮ್’ ಎಂದೇ ಉಳಿಸಬಹುದಲ್ಲ ಎನ್ನುವಿರಿ. ಇಂಗ್ಲಿಷಿನಲ್ಲೂ ಅದು ಎರವಲು ಹೆಸರೇ. 1978ರಲ್ಲಿ ಕಂಪ್ಯೂಟರ್ ತಯಾರಿಸುತ್ತಿದ್ದ ಡಿಇಸಿ ಕಂಪನಿಯ ಗ್ಯಾರಿ ಥುರ್ಕ್, ಇಂಟರ್ನೆಟ್ಟಿಗೂ ಮೊದಲಿನ ಜಾಲವಾದ ಅರ್ಪಾನೆಟ್ಟಿನ ಸುಮಾರು 400 ಜನರಿಗೆ, ಅವರು ಕೇಳದಿದ್ದರೂ ಜಾಹೀರಾತು ಕಳಿಸಿದಾಗ ಆ ಕೆಲಸಕ್ಕೆ ಈ ಹೆಸರಿರಲಿಲ್ಲ. 1937ರಲ್ಲಿ ಮಾರುಕಟ್ಟೆಗೆ ಬಂದ ಡಬ್ಬಿ ಮಾಂಸದ ಹೆಸರು, ಟಿವಿಯ ಹಾಸ್ಯಪ್ರಸಂಗವೊಂದರ ದಾರಿಯಾಗಿ ಬಂದು, ಮುಂದೆ ಇದಕ್ಕೆ ಅಂಟಿಕೊಂಡಿತು. ಆ ನಂಟು ಕನ್ನಡದ ಕಿವಿಗೆ ಏನನ್ನೂ ಹೇಳುವುದಿಲ್ಲ.

ನನಗೆ ಹೊಳೆದದ್ದು ‘ಕಳೆ’. ಬಿತ್ತದೆ ಬರುವುದು, ಪೈರಿನ ನಡುವೆಯೇ ಬೆಳೆಯುವುದು. ಬುಡಸಮೇತ ಕೀಳಬೇಕು; ತುದಿ ಮುರಿದರೆ ಮತ್ತೆ ಚಿಗುರುತ್ತದೆ ಎಂಬುದು ಪದದಲ್ಲೇ ಇದೆ.

ಆದರೆ ಚಿಕ್ಕಮ್ಮನ ಇನ್‌ಬಾಕ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆಯೇ ಅಲ್ಲ. ಎಂದೋ ಏನನ್ನೋ ಕೊಂಡಾಗ ವಿಳಾಸ ಕೊಟ್ಟಿದ್ದರು, ಆ ಅಂಗಡಿಯವರು ವಾರವಾರ ಕಳಿಸುತ್ತಿದ್ದಾರೆ. ಇದು ತಾವೇ ಬಿತ್ತಿದ್ದು, ಒಳಗೆ ಕಾಳಿಲ್ಲ ಅಷ್ಟೇ. ಇದಕ್ಕೆ ‘ಜೊಳ್ಳು’ ಎನ್ನೋಣವೇ? ಈ ಎರಡನ್ನು ಬೇರೆ ಮಾಡಲೇಬೇಕು ಎಂದು ನಾನು ಪಟ್ಟು ಹಿಡಿಯಲು ಕಾರಣವಿದೆ. ಜೊಳ್ಳಿಗೆ ‘ಸ್ಪ್ಯಾಮ್’ ಒತ್ತಿದರೆ ನಾಳೆ ಅದೇ ಅಂಗಡಿಯ ರಸೀದಿಯೂ ಸ್ಪ್ಯಾಮ್ ಪಟ್ಟಿಗೆ ಬೀಳಬಹುದು. ಜಿಮೇಲ್ ಅದನ್ನು 30 ದಿನಕ್ಕೆ ಅಳಿಸಿಯೂ ಬಿಡುತ್ತದೆ. ಕಳೆಗೆ ಅನ್‌ಸಬ್‌ಸ್ಕ್ರೈಬ್ (‘ಇನ್ನು ಕಳಿಸಬೇಡಿ’ ಎನ್ನುವ) ಕೊಂಡಿ ಒತ್ತುವುದು ಇನ್ನೂ ಕೆಟ್ಟದ್ದು. ಈ ವಿಳಾಸದಲ್ಲಿ ಓದುವವರಿದ್ದಾರೆ ಎಂದು ವಂಚಕನಿಗೆ ನಾವೇ ತಿಳಿಸಿದಂತೆ.

ಅನ್‌ಸಬ್‌ಸ್ಕ್ರೈಬ್‌ಗೆ ‘ಚಂದಾ ರದ್ದು’ ನನಗೆ ಒಗ್ಗುತ್ತಿಲ್ಲ. ಚಂದಾ ಎಂದೊಡನೆ ದುಡ್ಡು ನೆನಪಾಗುತ್ತದೆ, “ನಾನೆಲ್ಲಿ ಕಟ್ಟಿದ್ದೆ?” ಎಂದು ಚಿಕ್ಕಮ್ಮ ಗಾಬರಿಯಾದರು. ‘ಹೆಸರು ತೆಗೆಸು’ ಎಂದರೆ ಸಾಕೆನಿಸುತ್ತದೆ. ‘ತೆಗೆ’ ಅಲ್ಲ, ‘ತೆಗೆಸು’. ತೆಗೆಯುವವರು ಅವರು, ತೆಗೆಸುವವರು ನಾವು. ಆ ಒಂದು ‘ಇಸು’ ಪ್ರತ್ಯಯ ಇಡೀ ವ್ಯವಹಾರವನ್ನು ಹೇಳಿಬಿಡುತ್ತದೆ. ಭಾರೀ ಸಂಖ್ಯೆಯಲ್ಲಿ ಪತ್ರ ಕಳಿಸುವ ಮಾರಾಟಗಾರರು ಒಂದೇ ಒತ್ತಿಗೆ ಹೆಸರು ತೆಗೆಸುವ ಅನುಕೂಲ ಕೊಡಬೇಕು, ಎರಡು ದಿನದೊಳಗೆ ತೆಗೆಯಬೇಕು ಎಂದು ಗೂಗಲ್ ಮತ್ತು ಯಾಹೂ 2024ರಲ್ಲಿ ನಿಯಮ ತಂದಿರುವುದರಿಂದ ಈ ಪದ ಕೈಪಿಡಿಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಪತ್ರಗಳನ್ನು ತಾನಾಗಿಯೇ ಬೇರ್ಪಡಿಸುವ ಫಿಲ್ಟರ್ ಹತ್ತಿರ ಮಾತ್ರ ನನ್ನ ಹೊಲದ ಹೋಲಿಕೆ ಕುಂಟುತ್ತದೆ. “ಈ ವಿಳಾಸದಿಂದ ಬಂದದ್ದು ಆ ಫೋಲ್ಡರಿಗೆ” ಎಂದು ನಾವೇ ಬರೆದಿಡುವ ನಿಯಮಕ್ಕೆ ‘ಜರಡಿ’ ಚೆನ್ನ, ಕಣ್ಣಿನ ಅಳತೆ ಮೊದಲೇ ಗೊತ್ತಾಗಿರುತ್ತದೆ. ಪದಪದದ ತೂಕ ನೋಡಿ ಸ್ಪ್ಯಾಮ್ ಹೌದೋ ಅಲ್ಲವೋ ಎಂದು ಅಂದಾಜಿಸುವ, 2002ರಲ್ಲಿ ಪ್ರೋಗ್ರಾಮರ್ ಪಾಲ್ ಗ್ರಹಾಂ ಜನಪ್ರಿಯಗೊಳಿಸಿದ ಬೇಸಿಯನ್ ವಿಧಾನಕ್ಕೆ ಮೊರದಲ್ಲಿ ‘ಕೇರುವುದು’ ಹೆಚ್ಚು ಹತ್ತಿರ. ಆದರೆ ಕೇರಿದಾಗ ಹಾರಿಹೋಗುವುದು ಜೊಳ್ಳು, ಈ ವಿಧಾನ ಹಿಡಿಯುವುದು ಕಳೆಯನ್ನು. ಇದಕ್ಕೆ ನಿಮ್ಮಲ್ಲಿ ಬೇರೆ ಕ್ರಿಯಾಪದ ಇದೆಯೇ?

ಇನ್ನೊಂದು ಅನುಮಾನ. ‘ಮುಖದ ಕಳೆ’ಯ ಕಳೆಯೂ, ‘ಕಾಲ ಕಳೆ’ಯುವ ಕಳೆಯೂ ಇರುವಾಗ ಬರೀ ‘ಕಳೆ’ ಸಾಕೇ, ‘ಕಳೆಯಂಚೆ’ ಎಂದು ಸಮಾಸ ಮಾಡಬೇಕೇ? ಕೆಲವು ಕಡೆ ಹೊಲದ ಕಳೆಯನ್ನೂ ‘ಕಸ’ ಎನ್ನುವುದುಂಟು. ಹಾಗೆ ಆಡುವವರಿಗೆ ಈ ವ್ಯತ್ಯಾಸ ಹೇಗೆ ಕೇಳಿಸುತ್ತದೆ? ಅವರ ಉತ್ತರ ನನಗೆ ಎಲ್ಲಕ್ಕಿಂತ ಮುಖ್ಯ.